ಮಿದುಳಿನ ಚಿತ್ರ

ಮಾಘಮಾಸದಲ್ಲಿ ಬ್ಯಾಡಗಿಯ ರೈಲು ನಿಲ್ದಾಣದಲ್ಲಿ ಇಳಿದವನಿಗೆ ಊರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ತಿಳಿಯುತ್ತದೆ. ಮಾರುಕಟ್ಟೆಯ ಅಂಗಳದ ತುಂಬ ಒಣಮೆಣಸಿನಕಾಯಿಯ ಚೀಲಗಳು. ಅವುಗಳ ನಡುವೆ ಮುಖಕ್ಕೆ ವಸ್ತ್ರ ಕಟ್ಟಿಕೊಂಡು ಓಡಾಡುವ ಹಮಾಲರು. ಅಂಥ ಒಬ್ಬ ಹಮಾಲರ ಮಗನು ನನ್ನ ವಿದ್ಯಾರ್ಥಿಯಾಗಿದ್ದನು. ಅವನ ಹೆಸರು ಇಲ್ಲಿ ಬೇಡ. ಕನ್ನಡದಲ್ಲಿ ಅವನು ಅಷ್ಟಕ್ಕಷ್ಟೆ. ಗಣಿತದಲ್ಲಿ ಮಾತ್ರ ಅವನನ್ನು ಮೀರಿಸುವವರು ತರಗತಿಯಲ್ಲಿ ಇರಲಿಲ್ಲ. ಹತ್ತನೆಯ ತರಗತಿಯನ್ನು ಮೊದಲ ದರ್ಜೆಯಲ್ಲಿ ಮುಗಿಸಿ ರಾಣೆಬೆನ್ನೂರಿನಲ್ಲಿ ಕಾಲೇಜು ಸೇರಿದನು.

ಎರಡನೆಯ ವರ್ಷದಲ್ಲಿ ಹುಡುಗ ಬದಲಾದನು. ಗೆಳೆಯರ ಜೊತೆ ಮಾತು ಕಡಿಮೆಯಾಯಿತು. ಸ್ನಾನ, ಊಟಗಳ ಮೇಲೆ ಲಕ್ಷ್ಯ ತಪ್ಪಿತು. ರಾತ್ರಿಯೆಲ್ಲ ಎಚ್ಚರವಿದ್ದು ಹಗಲು ಮುಸುಕೆಳೆದು ಮಲಗುತ್ತಿದ್ದನು. ತಂದೆಗೆ ಅದು ಕೆಟ್ಟ ಸಹವಾಸದಂತೆ ಕಂಡಿತು. ತಾಯಿಗೆ ಯಾರದೋ ದೃಷ್ಟಿ ತಾಗಿದಂತೆ ಕಂಡಿತು. ನನಗೆ ಸೋಮಾರಿತನದಂತೆ ಕಂಡಿತು. ಒಂದು ದಿನ ಬಸ್‌ ನಿಲ್ದಾಣದಲ್ಲಿ ಸಿಕ್ಕವನನ್ನು ನಾಲ್ಕು ಜನರ ಎದುರಿಗೆ ಬೈದುಬಿಟ್ಟೆ. ಅವನು ತಲೆ ಎತ್ತಲಿಲ್ಲ. ಆ ಬೈಗುಳವನ್ನು ಹಿಂದಕ್ಕೆ ತೆಗೆದುಕೊಳ್ಳುವ ಅವಕಾಶ ನನಗೆ ಬಹಳ ತಡವಾಗಿ ಒದಗಿತು. ಕೆಲವು ತಿಂಗಳುಗಳ ಮೇಲೆ, ಮಾರುಕಟ್ಟೆಯ ಧ್ವನಿವರ್ಧಕದಲ್ಲಿ ತನ್ನ ಹೆಸರನ್ನೇ ಕೂಗುತ್ತಿದ್ದಾರೆಂದೂ, ತನ್ನ ಮನಸ್ಸಿನಲ್ಲಿರುವುದು ಊರಿಗೆಲ್ಲ ಕೇಳಿಸುತ್ತಿದೆಯೆಂದೂ ಹೇಳಿ ಅವನು ಅಟ್ಟ ಹತ್ತಿ ಕುಳಿತನು. ಮನೆಯವರು ದೇವರಿಗೆ ಹರಕೆ ಹೊತ್ತರು, ತಾಯಿತ ಕಟ್ಟಿಸಿದರು. ಎರಡು ವರ್ಷ ಕಳೆದ ಮೇಲೆ, ಯಾರೋ ತಿಳಿದವರು ಹೇಳಿದುದರಿಂದ, ಧಾರವಾಡದ ಮಾನಸಿಕ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಕಾಯಿಲೆಗೆ ಒಂದು ಹೆಸರು ಸಿಕ್ಕಿತು.

ಅವನ ತಂಗಿ ಆಗ ಒಂಬತ್ತನೆಯ ತರಗತಿಯಲ್ಲಿದ್ದಳು. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ನನ್ನ ಬಳಿ ಬಂದು ನಿಂತಳು. “ಸರ್, ಅಣ್ಣಗ ಆದಂಗ ನನಗೂ ಆಗತೈತೇನ್ರಿ? ತಲಿ ಫೋಟೋ ತಗಸಿದ್ರ ಮೊದಲ ಗೊತ್ತಾಗತೈತಂತ ಪೇಪರಿನ್ಯಾಗ ಬಂದಿತ್ರಿ. ಖರೇ ಏನ್ರಿ?” ಎಂದು ಕೇಳಿದಳು. ಕನ್ನಡ ಪಂಡಿತನಾದ ನನಗೆ ಉತ್ತರ ತಿಳಿದಿರಲಿಲ್ಲ. “ನೋಡಿ ಹೇಳ್ತೀನಿ, ಯವ್ವಾ” ಎಂದು ಕಳುಹಿಸಿದೆ. ಅನಂತರ ಓದಿ, ಬಲ್ಲ ವೈದ್ಯರನ್ನು ಕೇಳಿ ನಾನು ತಿಳಿದುಕೊಂಡುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಹೆಸರಿನ ಮಾತು. ಈ ಕಾಯಿಲೆಗೆ ‘ಸ್ಕಿಜೋಫ್ರೀನಿಯ’ ಎಂಬ ಹೆಸರನ್ನು 1908ರಲ್ಲಿ ಕೊಟ್ಟವರು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ ನಗರದ ವೈದ್ಯರಾದ ಯೂಜೆನ್‌ ಬ್ಲಾಯ್ಲರ್. ಗ್ರೀಕ್‌ ಭಾಷೆಯ ‘ಸೀಳು’ ಮತ್ತು ‘ಮನಸ್ಸು’ ಎಂಬ ಎರಡು ಶಬ್ದಗಳನ್ನು ಸೇರಿಸಿ ಅವರು ಇದನ್ನು ಮಾಡಿದರು. ಕನ್ನಡದಲ್ಲಿ ಇದನ್ನು ‘ಇಚ್ಚಿತ್ತ ವಿಕಲತೆ’ ಎಂದು ಕರೆಯುವುದುಂಟು. ಎರಡು ಚಿತ್ತಗಳೆಂಬ ಈ ಅರ್ಥದಿಂದ ಒಂದು ತಪ್ಪು ತಿಳಿವಳಿಕೆಯೂ ಹುಟ್ಟಿದೆ. ಚಲನಚಿತ್ರಗಳಲ್ಲಿ ತೋರಿಸುವಂತೆ ಒಂದೇ ದೇಹದಲ್ಲಿ ಇಬ್ಬರು ವ್ಯಕ್ತಿಗಳು ಬಂದು ಹೋಗುವ ಸ್ಥಿತಿ ಇದಲ್ಲ. ಆಲೋಚನೆ, ಭಾವನೆ, ನಡತೆಗಳ ನಡುವಿನ ಹೊಂದಿಕೆ ಇಲ್ಲಿ ಕಳಚುತ್ತದೆ. ಇಲ್ಲದ ಧ್ವನಿಗಳು ಕೇಳಿಸುತ್ತವೆ. ಆಧಾರವಿಲ್ಲದ ನಂಬಿಕೆಗಳು ಅಲುಗದೆ ನಿಲ್ಲುತ್ತವೆ. ಹುರುಪು, ಮಾತು, ಜನರೊಡನೆ ಬೆರೆಯುವ ಇಚ್ಛೆ ಬತ್ತುತ್ತವೆ. ಜಪಾನಿನವರು ‘ಸೀಳಿದ ಮನಸ್ಸು’ ಎಂಬ ಅರ್ಥದ ತಮ್ಮ ಹಳೆಯ ಹೆಸರನ್ನು 2002ರಲ್ಲಿ ಕೈಬಿಟ್ಟು, ಮನಸ್ಸಿನ ಹೊಂದಾಣಿಕೆಯ ತೊಂದರೆ ಎಂಬ ಅರ್ಥದ ಹೊಸ ಹೆಸರನ್ನು ಇಟ್ಟುಕೊಂಡರು. ರೋಗಿಗಳ ಮನೆಯವರೇ ಅದಕ್ಕಾಗಿ ಒತ್ತಾಯಿಸಿದ್ದರು. ಹೆಸರಿನಲ್ಲಿ ಏನಿದೆ ಎನ್ನುವವರು ಒಮ್ಮೆ ಆ ಮನೆಯವರನ್ನು ಕೇಳಬೇಕು.

ನೂರು ಜನರಲ್ಲಿ ಒಬ್ಬರಿಗೆ, ಅಥವಾ ಅದಕ್ಕೂ ಸ್ವಲ್ಪ ಕಡಿಮೆ ಜನರಿಗೆ, ಬಾಳಿನ ಯಾವುದಾದರೊಂದು ಕಾಲದಲ್ಲಿ ಈ ಕಾಯಿಲೆ ಬರುತ್ತದೆ. ಸಾಮಾನ್ಯವಾಗಿ ಹದಿನಾರರಿಂದ ಮೂವತ್ತರ ಒಳಗೆ ಅದು ತಲೆದೋರುತ್ತದೆ. ಗಂಡುಮಕ್ಕಳಲ್ಲಿ ತುಸು ಬೇಗ, ಹೆಣ್ಣುಮಕ್ಕಳಲ್ಲಿ ತುಸು ತಡ. ಒಡಹುಟ್ಟಿದವರಲ್ಲಿ ಒಬ್ಬರಿಗೆ ಇದ್ದರೆ ಇನ್ನೊಬ್ಬರಿಗೆ ಬರುವ ಸಂಭವ ನೂರಕ್ಕೆ ಸುಮಾರು ಹತ್ತು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಇದ್ದರೂ ಇನ್ನೊಬ್ಬರಿಗೆ ಬರುವುದು ಅರ್ಧದಷ್ಟು ಸಂದರ್ಭಗಳಲ್ಲಿ ಮಾತ್ರ. ಇಬ್ಬರಲ್ಲಿಯೂ ಬೀಜ ಒಂದೇ ಆಗಿರುವಾಗ ಹೀಗಾಗುವುದೆಂದರೆ, ವಂಶವೊಂದೇ ಕಾರಣವಲ್ಲವೆಂದು ತಿಳಿಯುತ್ತದೆ. ಹೆರಿಗೆಯ ಕಾಲದ ತೊಡಕುಗಳು, ಬಾಲ್ಯದ ತೀವ್ರ ಸಂಕಟಗಳು, ಎಳೆಯ ವಯಸ್ಸಿನಲ್ಲಿಯೇ ಗಾಂಜಾ ಸೇವನೆ ಮೊದಲಾದವು ಅಪಾಯವನ್ನು ಹೆಚ್ಚಿಸುತ್ತವೆ. ರಾಣೆಬೆನ್ನೂರಿನ ಸುತ್ತಮುತ್ತ ಬೀಜೋತ್ಪಾದನೆಯೇ ಕಸುಬಾಗಿರುವ ಮನೆಗಳಿವೆ. ಬೀಜದ ಪೊಟ್ಟಣದ ಮೇಲೆ ಮೊಳಕೆಯ ಪ್ರಮಾಣ ಶೇಕಡಾ ಇಷ್ಟೆಂದು ಅಚ್ಚು ಹಾಕಿರುತ್ತಾರೆ. ಆದರೆ ಯಾವ ಬೀಜ ಮೊಳೆತೀತು, ಯಾವುದು ಮೊಳೆಯದು ಎಂಬುದನ್ನು ಪೊಟ್ಟಣ ಹೇಳುವುದಿಲ್ಲ. ಆ ಹುಡುಗಿ ಕೇಳಿದ್ದು ಶೇಕಡಾವಾರು ಲೆಕ್ಕವನ್ನಲ್ಲ, ತನ್ನ ಬೀಜವನ್ನು.

ಮಿದುಳು ಕಣ್ಣಿಗೆ ಕಾಣುವ ವಸ್ತುವಲ್ಲ. ಬದುಕಿರುವ ಮನುಷ್ಯನ ತಲೆಬುರುಡೆಯೊಳಗೆ ಇಣುಕಿ ನೋಡಲು ವೈದ್ಯರು ಬಹುಕಾಲ ಪರದಾಡಿದರು. ಸಾಧಾರಣ ಕ್ಷ-ಕಿರಣದ ಚಿತ್ರದಲ್ಲಿ ಬುರುಡೆಯ ಎಲುಬು ಕಾಣುತ್ತದೆಯೇ ಹೊರತು ಒಳಗಿನ ಮೆತ್ತನೆಯ ಮಿದುಳು ಕಾಣುವುದಿಲ್ಲ. 1919ರಲ್ಲಿ ಅಮೆರಿಕದ ವಾಲ್ಟರ್‌ ಡ್ಯಾಂಡಿ ಎಂಬ ಶಸ್ತ್ರವೈದ್ಯರು ಬೆನ್ನುಹುರಿಯ ಸುತ್ತಲಿನ ದ್ರವದೊಳಕ್ಕೆ ಗಾಳಿಯನ್ನು ಸೇರಿಸಿ, ಅದು ಮೇಲೇರಿ ಮಿದುಳಿನ ಒಳಗಿನ ಕುಹರಗಳನ್ನು ತುಂಬಿದಾಗ ಚಿತ್ರ ತೆಗೆಯುವ ವಿಧಾನವನ್ನು ಕಂಡುಹಿಡಿದರು. ರೋಗಿಗೆ ಅದು ಭಯಂಕರ ತಲೆನೋವನ್ನು ತರುತ್ತಿತ್ತು. 1927ರಲ್ಲಿ ಜರ್ಮನಿಯ ಇಬ್ಬರು ವೈದ್ಯರು ಈ ಬಗೆಯಲ್ಲಿ ಇಚ್ಚಿತ್ತ ವಿಕಲತೆಯ ಕೆಲವು ರೋಗಿಗಳ ಚಿತ್ರ ತೆಗೆದು, ಅವರ ಮಿದುಳಿನ ಕುಹರಗಳು ಹಿಗ್ಗಿವೆಯೆಂದು ಬರೆದರು. ಆ ಮಾತಿಗೆ ಆಗ ಹೆಚ್ಚು ಬೆಲೆ ಬರಲಿಲ್ಲ. ಮುಂದಿನ ಅರ್ಧ ಶತಮಾನದಲ್ಲಿ ಈ ಕಾಯಿಲೆಗೆ ತಾಯಿಯ ಸಾಕಣೆಯೇ ಕಾರಣವೆಂದು ಪಶ್ಚಿಮದ ಕೆಲವು ಪಂಡಿತರು ಸಾರಿದರು. ಎಷ್ಟು ತಾಯಂದಿರು ಮಾಡದ ತಪ್ಪಿಗೆ ಕಣ್ಣೀರಿಟ್ಟರೋ ಲೆಕ್ಕವಿಟ್ಟವರಿಲ್ಲ.

1971ರ ಅಕ್ಟೋಬರ್‌ 1ರಂದು ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮೊತ್ತಮೊದಲ ಸಿ.ಟಿ. ಯಂತ್ರವು ರೋಗಿಯೊಬ್ಬರ ಮಿದುಳಿನ ಚಿತ್ರ ತೆಗೆಯಿತು. ಅದನ್ನು ರಚಿಸಿದ ಗಾಡ್‌ಫ್ರಿ ಹೌನ್ಸ್‌ಫೀಲ್ಡ್‌ ಎಂಬ ಇಂಜಿನಿಯರು, ಗ್ರಾಮಫೋನ್‌ ತಟ್ಟೆಗಳಿಗೆ ಹೆಸರಾದ ಇ.ಎಂ.ಐ. ಕಂಪನಿಯ ನೌಕರರು. ಅವರಿಗೆ 1979ರಲ್ಲಿ ನೊಬೆಲ್‌ ಪಾರಿತೋಷಕ ಬಂದಿತು. ಐದು ವರ್ಷದೊಳಗಾಗಿ, ಎಂದರೆ 1976ರಲ್ಲಿ, ಈವ್‌ ಜಾನ್‌ಸ್ಟನ್‌ ಎಂಬ ವೈದ್ಯೆಯೂ ಅವರ ಸಂಗಡಿಗರೂ ಬಹುಕಾಲದಿಂದ ಕಾಯಿಲೆಯಲ್ಲಿದ್ದ 17 ಮಂದಿಯನ್ನು ಈ ಯಂತ್ರದಿಂದ ಪರೀಕ್ಷಿಸಿ, ಅವರ ಮಿದುಳಿನ ಕುಹರಗಳು ಆರೋಗ್ಯವಂತರವುಗಳಿಗಿಂತ ಸರಾಸರಿಯಲ್ಲಿ ದೊಡ್ಡವೆಂದು ತೋರಿಸಿದರು. ಈ ಸಲ ಲೋಕವು ಕಿವಿಗೊಟ್ಟಿತು. ಮನಸ್ಸಿನ ಕಾಯಿಲೆಯು ಮಿದುಳಿನಲ್ಲಿ ಗುರುತು ಬಿಡುತ್ತದೆಂಬ ಮಾತಿಗೆ ಬಲ ಬಂದಿತು.

ಸಿ.ಟಿ.ಯ ತರುವಾಯ ಬಂದುದು ಎಂ.ಆರ್.ಐ. ಯಂತ್ರ. ಇದರಲ್ಲಿ ಕ್ಷ-ಕಿರಣವಿಲ್ಲ. ನಮ್ಮ ದೇಹದ ಬಹುಭಾಗ ನೀರು. ನೀರಿನಲ್ಲಿರುವ ಜಲಜನಕದ ಕಣಗಳು ಬಲವಾದ ಕಾಂತದ ನಡುವೆ ಸಿಪಾಯಿಗಳಂತೆ ಒಂದೇ ದಿಕ್ಕಿಗೆ ಸಾಲುಗೊಳ್ಳುತ್ತವೆ. ಅವುಗಳನ್ನು ರೇಡಿಯೋ ಅಲೆಯಿಂದ ಅಲುಗಿಸಿದರೆ, ಮರಳಿ ಸಾಲಿಗೆ ಬರುವಾಗ ಕ್ಷೀಣವಾದ ಸಂಜ್ಞೆಗಳನ್ನು ಹೊರಡಿಸುತ್ತವೆ. ಆ ಸಂಜ್ಞೆಗಳನ್ನು ಕೂಡಿಸಿ ಗಣಕಯಂತ್ರವು ಚಿತ್ರ ರಚಿಸುತ್ತದೆ. ಸಂಶೋಧನೆಗೆ ಬಳಸುವ ಮೂರು ಟೆಸ್ಲಾ ಶಕ್ತಿಯ ಯಂತ್ರದ ಕಾಂತವು ಭೂಮಿಯ ಕಾಂತಕ್ಷೇತ್ರಕ್ಕಿಂತ ಐವತ್ತು ಸಾವಿರ ಪಟ್ಟಿಗೂ ಮಿಗಿಲಾದುದು. ತೀರದ ತಲೆನೋವಿನ ಕಾರಣ ನಾನೂ ಒಮ್ಮೆ ಅಂಥದೊಂದು ಯಂತ್ರದೊಳಗೆ ಮಲಗಿ ಬಂದಿದ್ದೇನೆ. ಕನ್ನಡಕ, ಉಂಗುರ, ಕೈಗಡಿಯಾರ ಎಲ್ಲವನ್ನೂ ತೆಗೆದಿಡಬೇಕಾಯಿತು; ನನ್ನ ಮುಂದಿದ್ದ ಹಿರಿಯರೊಬ್ಬರು ಕೊರಳಿನ ಬೆಳ್ಳಿಯ ಕರಡಿಗೆಯನ್ನು ತೆಗೆದು, ಕಣ್ಣಿಗೊತ್ತಿಕೊಂಡು, ಮಗನ ಕೈಗೆ ಕೊಟ್ಟು ಒಳಗೆ ಹೋದರು. ಒಳಗೆ ಕಮ್ಮಾರಸಾಲೆಯ ಸಪ್ಪಳ. ಅರ್ಧ ಗಂಟೆ ಅಲುಗಾಡದೆ ಮಲಗಬೇಕು. ಬೇರೆ ನೋವೇನೂ ಇಲ್ಲ.

1990ರಲ್ಲಿ ಜಪಾನಿ ವಿಜ್ಞಾನಿ ಸೇಜಿ ಒಗಾವಾ ಅವರು, ರಕ್ತದಲ್ಲಿರುವ ಆಮ್ಲಜನಕದ ಏರಿಳಿತವನ್ನು ಇದೇ ಯಂತ್ರದಿಂದ ಗುರುತಿಸಿ, ಮಿದುಳಿನ ಯಾವ ಭಾಗವು ಯಾವಾಗ ಹೆಚ್ಚು ದುಡಿಯುತ್ತದೆಂಬುದನ್ನು ಕಾಣುವ ದಾರಿ ತೋರಿದರು. ಹೀಗೆ ಮಿದುಳಿನ ರೂಪವಷ್ಟೇ ಅಲ್ಲದೆ ಅದರ ಕೆಲಸವೂ ಚಿತ್ರಕ್ಕೆ ಸಿಕ್ಕಿತು.

ಆದರೂ ಒಂದು ಸಂಶಯ ಉಳಿಯಿತು. ರೋಗಿಯ ಮಿದುಳಿನಲ್ಲಿ ಕಂಡ ವ್ಯತ್ಯಾಸವು ಕಾಯಿಲೆಗೆ ಕಾರಣವೋ, ಕಾಯಿಲೆಯ ಫಲವೋ, ಅಥವಾ ವರ್ಷಗಟ್ಟಲೆ ನುಂಗಿದ ಔಷಧಿಯ ಪರಿಣಾಮವೋ? ಔಷಧವನ್ನೇ ಕಾಣದ ರೋಗಿಗಳನ್ನು ಪರೀಕ್ಷಿಸಿದರೆ ಒಂದು ಗಂಟು ಬಿಚ್ಚೀತು. ಅಂಥವರು ಶ್ರೀಮಂತ ದೇಶಗಳಲ್ಲಿ ಸಿಗುವುದು ದುರ್ಲಭ, ನಮ್ಮಲ್ಲಿ ಸಿಗುತ್ತಿದ್ದರು. ವೈದ್ಯೆ ಎಂ. ಶಾರದಾ ಮೆನನ್‌ ಅವರು 1984ರಲ್ಲಿ ಚೆನ್ನೈಯಲ್ಲಿ ಸ್ಥಾಪಿಸಿದ ಸ್ಕಾರ್ಫ್‌ ಸಂಸ್ಥೆಯವರು ಬ್ರಿಟನ್ನಿನ ವೈದ್ಯರೊಡನೆ ಕೂಡಿ ಅಂಥ ರೋಗಿಗಳ ಮಿದುಳಿನ ಚಿತ್ರಗಳನ್ನು ತೆಗೆದು 2002ರಲ್ಲಿ ಪ್ರಕಟಿಸಿದರು. ನಮ್ಮ ಜನರು ಚಿಕಿತ್ಸೆಯಿಲ್ಲದೆ ಕಳೆದ ವರ್ಷಗಳು ಹೀಗೆ ವಿಜ್ಞಾನಕ್ಕೆ ಸಾಮಗ್ರಿಯಾದವು. ಇದನ್ನು ಓದಿದಾಗ ನನಗೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು.

ಇನ್ನೊಂದು ಗಂಟನ್ನು ಬಿಚ್ಚಬೇಕಾದರೆ ಕಾಯಿಲೆ ಬರುವ ಮೊದಲೇ ಚಿತ್ರ ತೆಗೆದು ಕಾಯಬೇಕು. ಯಾರಿಗೆ ಬಂದೀತೆಂದು ತಿಳಿಯದೆ ಊರಿಗೆಲ್ಲ ಚಿತ್ರ ತೆಗೆಯಲಾಗದು. ಆದುದರಿಂದ ಹೆಚ್ಚು ಅಪಾಯವುಳ್ಳವರನ್ನು ಆರಿಸಿಕೊಂಡರು. 1994ರಲ್ಲಿ ಎಡಿನ್‌ಬರೊ ನಗರದಲ್ಲಿ, ಹಿಂದೆ ಹೇಳಿದ ಜಾನ್‌ಸ್ಟನ್‌ ಅವರೇ, ಹತ್ತಿರದ ನೆಂಟರಲ್ಲಿ ಇಬ್ಬರಿಗಾದರೂ ಈ ಕಾಯಿಲೆಯಿದ್ದ, ಹದಿನಾರರಿಂದ ಇಪ್ಪತ್ತೈದರ ವಯಸ್ಸಿನ, ಸುಮಾರು 160 ಮಂದಿ ತರುಣ ತರುಣಿಯರನ್ನು ಸೇರಿಸಿ ಅಧ್ಯಯನ ಆರಂಭಿಸಿದರು. ಹತ್ತು ವರ್ಷಗಳ ಕಾಲ ಅವರನ್ನು ಮತ್ತೆ ಮತ್ತೆ ಕರೆದು ನೋಡಿದರು. ಅವರಲ್ಲಿ 20 ಮಂದಿಯಷ್ಟು ಜನರಿಗೆ ಕಾಯಿಲೆ ಬಂದಿತು, ಉಳಿದವರಿಗೆ ಬರಲಿಲ್ಲ. ಆಸ್ಟ್ರೇಲಿಯದ ಮೆಲ್ಬರ್ನ್‌ ನಗರದವರು ಬೇರೊಂದು ಬಗೆಯಲ್ಲಿ ಹೊರಟರು. ಆಗೊಮ್ಮೆ ಈಗೊಮ್ಮೆ ಧ್ವನಿ ಕೇಳಿಸಿದಂತಾಗುವುದು, ಎಲ್ಲರ ಮೇಲೂ ಅನುಮಾನ, ಓದಿನಲ್ಲಿ ಹಠಾತ್ತನೆ ಹಿನ್ನಡೆ, ಇಂಥ ಮುನ್ಸೂಚನೆಗಳಿದ್ದ 75 ಮಂದಿಯ ಚಿತ್ರ ತೆಗೆದರು. ಅವರಲ್ಲಿ 23 ಮಂದಿಗೆ ಮುಂದೆ ಚಿತ್ತಭ್ರಮೆಯ ಕಾಯಿಲೆ ಪ್ರಕಟವಾಯಿತು. 2003ರಲ್ಲಿ ಹೊರಬಂದ ಈ ವರದಿಯಂತೆ, ಕಾಯಿಲೆಗೆ ಒಳಗಾದವರ ಮಿದುಳಿನ ಹಣೆಯ ಹಾಗೂ ಕಪೋಲದ ಕಡೆಯ ಕೆಲವು ಭಾಗಗಳಲ್ಲಿ ಬೂದು ವಸ್ತುವು ಮೊದಲೇ ಸ್ವಲ್ಪ ಕಡಿಮೆಯಿತ್ತು. ಕಾಯಿಲೆ ಹೊರಬೀಳುವ ಹೊತ್ತಿಗೆ ಇನ್ನೂ ಕಡಿಮೆಯಾಗಿತ್ತು.

ಬೂದು ವಸ್ತುವೆಂದರೆ ನರಕೋಶಗಳು ನೆಲೆಸಿರುವ, ಎರಡರಿಂದ ನಾಲ್ಕು ಮಿಲಿಮೀಟರು ದಪ್ಪದ ಹೊರಪದರ. ಬಾಲ್ಯದಲ್ಲಿ ನರಕೋಶಗಳ ನಡುವೆ ಬೇಕಾದುದಕ್ಕಿಂತ ಹೆಚ್ಚು ಸಂಪರ್ಕಗಳು ಬೆಳೆದಿರುತ್ತವೆ. ನಿಮ್ಮ ವಯಸ್ಸಿನಲ್ಲಿ ಅವುಗಳ ಪೈಕಿ ಬಳಕೆಯಿಲ್ಲದವು ಅಳಿದು, ಬಳಕೆಯಲ್ಲಿರುವವು ಬಲಗೊಳ್ಳುತ್ತವೆ. ಬಿತ್ತಿದ ಮೇಲೆ ದಟ್ಟವಾಗಿ ಎದ್ದ ಸಸಿಗಳಲ್ಲಿ ಕೆಲವನ್ನು ರೈತನು ಕೀಳುವುದಿಲ್ಲವೆ? ಹಾಗೆಯೇ ಇದು. ಈ ಕೀಳುವ ಕೆಲಸವು ಕೆಲವರಲ್ಲಿ ಮಿತಿಮೀರಿ ನಡೆದು ಕಾಯಿಲೆಗೆ ದಾರಿಯಾಗುತ್ತದೆಯೆಂದು 1982ರಲ್ಲಿ ಅರ್ವಿನ್‌ ಫೈನ್‌ಬರ್ಗ್‌ ಎಂಬವರು ಊಹಿಸಿದರು. 2016ರಲ್ಲಿ ಅಮೆರಿಕದ ವಿಜ್ಞಾನಿಗಳು, ಸಂಪರ್ಕಗಳನ್ನು ಅಳಿಸುವುದರಲ್ಲಿ ಪಾತ್ರವಿರುವ ‘ಸಿ4’ ಎಂಬ ವಂಶವಾಹಿಯ ಕೆಲವು ರೂಪಗಳು ಈ ಕಾಯಿಲೆಯವರಲ್ಲಿ ಹೆಚ್ಚೆಂದು ಕಂಡುಕೊಂಡ ಮೇಲೆ ಆ ಊಹೆಗೆ ಆಧಾರ ದೊರೆಯಿತು.

ಹಾಗಾದರೆ ಚಿತ್ರ ತೆಗೆಸಿದರೆ ಮೊದಲೇ ಗೊತ್ತಾಗುವುದೆ? 2021ರಲ್ಲಿ ಹಲವು ದೇಶಗಳವರು ಸೇರಿ, ಮುನ್ಸೂಚನೆಗಳಿದ್ದ 1792 ಮಂದಿಯ ಚಿತ್ರಗಳನ್ನು ಒಟ್ಟುಗೂಡಿಸಿ ಅಳೆದು ನೋಡಿದರು. ಅವರಲ್ಲಿ 253 ಮಂದಿಗೆ ಮುಂದೆ ಕಾಯಿಲೆ ಬಂದಿತೆಂದು ತಿಳಿದಿತ್ತು. ಅಪಾಯವುಳ್ಳವರ ಮಿದುಳಿನ ಹೊರಪದರವು ಆರೋಗ್ಯವಂತರದಕ್ಕಿಂತ ಸರಾಸರಿಯಲ್ಲಿ ತೆಳುವಾಗಿತ್ತು. ಆದರೆ ವ್ಯತ್ಯಾಸ ಬಹಳ ಸಣ್ಣದು.

ಈ ‘ಸರಾಸರಿ’ ಎಂಬ ಮಾತನ್ನು ಬ್ಯಾಡಗಿಯ ಅಂಗಳದಲ್ಲಿ ನಿಂತು ವಿಚಾರಿಸೋಣ. ಒಂದೇ ತಳಿಯ ಮೆಣಸಿನಕಾಯಿ ಎರಡು ಹೊಲಗಳಿಂದ ಬಂದು ಎರಡು ರಾಶಿಯಾಗಿದೆ ಎನ್ನಿ. ಒಂದು ಹೊಲಕ್ಕೆ ನೀರು ತುಸು ಕಡಿಮೆಯಾದುದರಿಂದ ಆ ರಾಶಿಯ ಕಾಯಿಗಳು ಸರಾಸರಿಯಲ್ಲಿ ಒಂದು ಕೂದಲೆಳೆಯಷ್ಟು ಗಿಡ್ಡ. ಸಾವಿರ ಕಾಯಿಗಳನ್ನು ಅಳೆದರೆ ಅಂತರ ನಿಶ್ಚಯವಾಗಿ ತೋರುತ್ತದೆ. ಆದರೆ ಒಂದೇ ಒಂದು ಕಾಯನ್ನು ಅಂಗೈಯಲ್ಲಿಟ್ಟು ಇದು ಯಾವ ಹೊಲದ್ದೆಂದು ಕೇಳಿದರೆ, ನಲವತ್ತು ವರ್ಷ ಅಲ್ಲಿ ಕಳೆದ ದಲಾಲರೂ ಹೇಳಲಾರರು. ಗಿಡ್ಡ ಕಾಯಿಗಳು ಎರಡು ರಾಶಿಯಲ್ಲಿಯೂ ಇವೆ, ಉದ್ದನೆಯವೂ ಇವೆ. ಮಿದುಳಿನ ಚಿತ್ರದ ಮಾತೂ ಇಂದಿಗೆ ಇಷ್ಟೇ. ಗುಂಪು ಗುಂಪುಗಳ ನಡುವಿನ ಭೇದವನ್ನು ಅದು ತೋರಿಸಬಲ್ಲುದು. ನಿನಗೆ ಬರುತ್ತದೆ, ನಿನಗೆ ಬರುವುದಿಲ್ಲ ಎಂದು ಒಬ್ಬೊಬ್ಬರನ್ನು ತೋರಿಸಿ ಹೇಳಲಾರದು. ಈ ಕಾಯಿಲೆಯನ್ನು ವೈದ್ಯರು ಗುರುತಿಸುವುದು ಇಂದಿಗೂ ರೋಗಿಯೊಡನೆ ಮತ್ತು ಮನೆಯವರೊಡನೆ ಕುಳಿತು ಮಾತನಾಡಿಯೇ. ಚಿತ್ರ ತೆಗೆಸುವುದು ಗೆಡ್ಡೆ, ಪೆಟ್ಟು, ಸೋಂಕು ಮೊದಲಾದ ಬೇರೆ ಕಾರಣಗಳು ಇಲ್ಲವೆಂದು ಖಚಿತಪಡಿಸಿಕೊಳ್ಳಲು.

ನಮ್ಮ ನಾಡಿನಲ್ಲಿಯೂ ಈ ಹುಡುಕಾಟ ನಡೆದಿದೆ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿನ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್‌ ಎನಿಸಿತು. ಆ ಸಂಸ್ಥೆಯು 2016ರಿಂದ ಅಲ್ಲಿನ ಎರಡು ಜೀವವಿಜ್ಞಾನ ಸಂಸ್ಥೆಗಳ ಜೊತೆಗೂಡಿ, ಒಂದೇ ಮನೆತನದಲ್ಲಿ ಹಲವರಿಗೆ ಮನೋರೋಗವಿರುವ ಕುಟುಂಬಗಳನ್ನು ಅಭ್ಯಾಸ ಮಾಡುವ ಕಾರ್ಯವನ್ನು ಕೈಗೊಂಡಿತು. ಕಾಯಿಲೆಯವರನ್ನಷ್ಟೇ ಅಲ್ಲ, ಅದೇ ಮನೆಯ ಕಾಯಿಲೆಯಿಲ್ಲದ ಅಣ್ಣತಮ್ಮಂದಿರನ್ನೂ ಅಕ್ಕತಂಗಿಯರನ್ನೂ ಅವರ ಒಪ್ಪಿಗೆ ಪಡೆದು ಪರೀಕ್ಷಿಸಿ, ಮಿದುಳಿನ ಚಿತ್ರವನ್ನೂ ರಕ್ತದ ಮಾದರಿಯನ್ನೂ ಸಂಗ್ರಹಿಸುವುದು ಅದರ ಉದ್ದೇಶ. ಒಂದೇ ಮನೆಯಲ್ಲಿ ಒಬ್ಬರು ಬಿದ್ದು ಇನ್ನೊಬ್ಬರು ನಿಂತದ್ದು ಹೇಗೆ ಎಂಬುದು ತಿಳಿದರೆ, ಬೀಳುವವರನ್ನು ಹಿಡಿಯುವ ದಾರಿಯೂ ತಿಳಿದೀತು.

ಚಿತ್ರವು ನಾಳೆ ಭವಿಷ್ಯ ಹೇಳುವಂತಾದರೆ ಎಂಬ ಯೋಚನೆಯೂ ನನ್ನನ್ನು ಕಾಡಿದೆ. ಹೆಣ್ಣು ನೋಡಲು ಬಂದವರು ಜಾತಕದ ಜೊತೆಗೆ ಮಿದುಳಿನ ಚಿತ್ರವನ್ನೂ ಕೇಳಿಯಾರು. ಈಗಲೇ ಅಣ್ಣನ ಕಾಯಿಲೆಯನ್ನು ಮುಚ್ಚಿಡದಿದ್ದರೆ ತಂಗಿಗೆ ಸಂಬಂಧ ಕೂಡಿಬರುವುದು ಕಷ್ಟ. ಮುಚ್ಚಿಡಬೇಕಾದುದರಿಂದ ಅಣ್ಣನಿಗೆ ಚಿಕಿತ್ಸೆ ತಡ. ಮನೋರೋಗಿಯ ವಿವರಗಳನ್ನು ಗುಟ್ಟಾಗಿ ಕಾಪಾಡಬೇಕೆಂದು 2017ರ ಮಾನಸಿಕ ಆರೋಗ್ಯ ಪಾಲನೆ ಕಾಯಿದೆ ವಿಧಿಸುತ್ತದೆ. ಓಣಿಯ ಬಾಯಿಗೆ ಯಾವ ಕಾಯಿದೆಯಿದೆ?

ತಡವಾಗದೆ ಸಿಕ್ಕುವ ಚಿಕಿತ್ಸೆಯ ಬೆಲೆಯನ್ನು ಕರ್ನಾಟಕವೇ ತೋರಿಸಿಕೊಟ್ಟಿದೆ. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ತಲುಪಿಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ ವೈದ್ಯರು ಇಚ್ಚಿತ್ತ ವಿಕಲತೆಯವರನ್ನು ಹಳ್ಳಿಹಳ್ಳಿಗಳಲ್ಲಿ ಗುರುತಿಸಿ, ಊರಿನಲ್ಲಿಯೇ ಔಷಧ ಕೊಡಿಸಿದಾಗ, ಮೂಲೆ ಹಿಡಿದಿದ್ದ ಎಷ್ಟೋ ಮಂದಿ ಮತ್ತೆ ತೋಟ ಗದ್ದೆಗಳ ಕೆಲಸಕ್ಕೆ ಮರಳಿದರು. ಅಲ್ಲಿ ಯಾವ ಕಾಂತಯಂತ್ರವೂ ಬೇಕಾಗಲಿಲ್ಲ. ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ ಎಂಬ ಕಾರ್ಯಕ್ರಮವೂ ರಾಜ್ಯದಲ್ಲಿ ಜಾರಿಗೆ ಬಂದಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್‌ ಸೇವೆಗೆ 14416 ಎಂಬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಇದರಲ್ಲಿ ಸ್ವಲ್ಪವನ್ನು ತಿಳಿದುಕೊಳ್ಳುವ ವೇಳೆಗೇ ಆ ಹುಡುಗಿ ಹತ್ತನೆಯ ತರಗತಿಗೆ ಬಂದಿದ್ದಳು. ಕರೆದು ಕೂರಿಸಿ, “ಫೋಟೋ ಹೇಳೂದಿಲ್ಲವ್ವಾ. ನಿನ್ನಂಥ ನೂರು ಮಂದಿಯೊಳಗ ತೊಂಬತ್ತು ಮಂದಿಗೆ ಬರೂದಿಲ್ಲ. ನಿದ್ದಿ ಕೆಟ್ಟರ, ಇಲ್ಲದ ಧ್ವನಿ ಕೇಳಿಸಿದರ, ಯಾರನ್ನೂ ನಂಬಬಾರದು ಅನಿಸಿದರ, ಮುಚ್ಚಿಡಬ್ಯಾಡ, ಅವತ್ತೇ ನನಗ ಹೇಳು, ಡಾಕ್ಟರ್ ಕಡೆ ಹೋಗೂಣು” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಣ್ಣಗೂ ಮೊದಲ ನಿದ್ದಿನ ಕೆಟ್ಟಿತ್ರಿ ಸರ್, ಯಾರೂ ಕೇಳಲಿಲ್ರಿ” ಎಂದಳು.

ಅವಳಿಗೆ ಈಗ ಮೂವತ್ತು ದಾಟಿದೆ. ರಾಣೆಬೆನ್ನೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಶಿಕ್ಷಕಿಯಾಗಿದ್ದಾಳೆ. ಅಣ್ಣನು ಮಾತ್ರೆಗಳನ್ನು ತಪ್ಪದೆ ತೆಗೆದುಕೊಂಡು, ತಂದೆ ಚೀಲ ಹೊರುತ್ತಿದ್ದ ಮಾರುಕಟ್ಟೆಯಲ್ಲಿಯೇ ಒಂದು ಅಂಗಡಿಯ ತೂಕದ ಲೆಕ್ಕ ಬರೆಯುತ್ತಾನೆ. ಧ್ವನಿಗಳು ಪೂರಾ ನಿಂತಿಲ್ಲವಂತೆ. ಸುಗ್ಗಿಯ ದಿನಗಳಲ್ಲಿ ಗದ್ದಲದ ನಡುವೆ ತನಗೆ ಅವು ಕೇಳಿಸುವುದೇ ಇಲ್ಲವೆಂದು ನಗುತ್ತಾನೆ. ಕಳೆದ ವರ್ಷ ಅವನ ಅಂಗಡಿಗೆ ಹೋಗಿ, ಬಸ್‌ ನಿಲ್ದಾಣದ ಆ ಮಾತಿಗಾಗಿ ಕ್ಷಮೆ ಕೇಳಿದೆ. ಅವನಿಗೆ ಅದು ನೆನಪಿತ್ತು.